ಅಮೆರಿಕದಲ್ಲಿ ಬಿಲ್ ಚಿಂತೆ, ಪೋಲೆಂಡ್‌ನಲ್ಲಿ ಸರದಿ ಚಿಂತೆ: ಚಿಕಿತ್ಸೆ ವೆಚ್ಚ ಮತ್ತು ಜೀವನಮಟ್ಟ ಎಲ್ಲಿ ಹೇಗಿದೆ?

ಆರೋಗ್ಯಕ್ಕಾಗಿ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಖರ್ಚು ಮಾಡುವ ದೇಶ ಅಮೆರಿಕ. ಶ್ರೀಮಂತ ರಾಷ್ಟ್ರಗಳ ಒಕ್ಕೂಟವಾದ ಒಇಸಿಡಿಯ 2022ರ ಲೆಕ್ಕದ ಪ್ರಕಾರ ಅಲ್ಲಿ ತಲಾ ಆರೋಗ್ಯ ವೆಚ್ಚ 12,555 ಡಾಲರ್. ಅದೇ ಪಟ್ಟಿಯಲ್ಲಿ ಪೋಲೆಂಡ್‌ನ ವೆಚ್ಚ ಕೇವಲ 2,973 ಡಾಲರ್. ಆಯಾ ದೇಶದ ಬೆಲೆಮಟ್ಟಕ್ಕೆ ಹೊಂದಿಸಿದ ನಂತರವೂ ನಾಲ್ಕು ಪಟ್ಟು ಅಂತರವಿದೆ.

ಆದರೆ ಜನರ ಆಯಸ್ಸಿನಲ್ಲಿ ಆ ಅಂತರ ಕಾಣುವುದಿಲ್ಲ. 2023ರಲ್ಲಿ ಅಮೆರಿಕದ ಪುರುಷರ ಸರಾಸರಿ ಜೀವಿತಾವಧಿ 75.8 ವರ್ಷ, ಮಹಿಳೆಯರದ್ದು 81.1 ವರ್ಷ. ಅದೇ ವರ್ಷ ಪೋಲೆಂಡ್‌ನಲ್ಲಿ ಪುರುಷರದ್ದು 74.7, ಮಹಿಳೆಯರದ್ದು 82 ವರ್ಷ. ಅಂದರೆ ಎರಡೂ ದೇಶಗಳು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ.

ಹಾಗಾದರೆ ಅಮೆರಿಕದ ಹಣ ಎಲ್ಲಿಗೆ ಹೋಗುತ್ತದೆ? ಕಡಿಮೆ ಖರ್ಚಿನಲ್ಲಿ ಪೋಲೆಂಡ್ ಹೇಗೆ ನಿಭಾಯಿಸುತ್ತಿದೆ? ಒಬ್ಬ ಸಾಮಾನ್ಯ ಉದ್ಯೋಗಿಯ ಕುಟುಂಬಕ್ಕೆ ಎಲ್ಲಿ ಎಷ್ಟು ಹೊರೆ? ಇಲ್ಲಿದೆ ಸಂಪೂರ್ಣ ವಿವರ.

ಪೋಲೆಂಡ್: ಎಲ್ಲರಿಗೂ ಒಂದೇ ನಿಧಿ

1989ರಲ್ಲಿ ಕಮ್ಯುನಿಸ್ಟ್ ಆಡಳಿತ ಕೊನೆಗೊಂಡ ಮೇಲೆ ಪೋಲೆಂಡ್ ತನ್ನ ಆರೋಗ್ಯ ವ್ಯವಸ್ಥೆಯನ್ನು ವಿಮೆ ಆಧಾರಿತವಾಗಿ ಬದಲಿಸಿತು. 1997ರ ಸಂವಿಧಾನದ 68ನೇ ವಿಧಿಯು ಆರೋಗ್ಯ ರಕ್ಷಣೆಯನ್ನು ಪ್ರತಿಯೊಬ್ಬರ ಹಕ್ಕು ಎಂದು ಸಾರುತ್ತದೆ. 2003ರಲ್ಲಿ 'ರಾಷ್ಟ್ರೀಯ ಆರೋಗ್ಯ ನಿಧಿ' ಸ್ಥಾಪನೆಯಾಯಿತು. ಇದನ್ನು ಅಲ್ಲಿನವರು ಎನ್‌ಎಫ್‌ಝಡ್ ಎಂದು ಕರೆಯುತ್ತಾರೆ.

ಉದ್ಯೋಗಿಯ ಸಂಬಳದಲ್ಲಿ ಸಾಮಾಜಿಕ ಭದ್ರತಾ ವಂತಿಗೆ ಕಳೆದು ಉಳಿದ ಮೊತ್ತದ ಶೇ 9ರಷ್ಟು ಆರೋಗ್ಯ ವಂತಿಗೆಯಾಗಿ ಕಡಿತವಾಗುತ್ತದೆ. 2024ರಲ್ಲಿ ಪೋಲೆಂಡ್‌ನ ಸರಾಸರಿ ಮಾಸಿಕ ಸಂಬಳ ಸುಮಾರು 8,182 ಝ್ಲೋಟಿ. ಆ ವರ್ಷ ಒಂದು ಡಾಲರ್‌ಗೆ ಸುಮಾರು 4 ಝ್ಲೋಟಿ ದರವಿತ್ತು. ಈ ಲೆಕ್ಕದಲ್ಲಿ ಆರೋಗ್ಯ ವಂತಿಗೆ ತಿಂಗಳಿಗೆ ಸುಮಾರು 635 ಝ್ಲೋಟಿ, ಅಂದರೆ 160 ಡಾಲರ್ ಆಸುಪಾಸು. ಕೆಲಸವಿಲ್ಲದ ಪತಿ ಅಥವಾ ಪತ್ನಿ ಹಾಗೂ ಮಕ್ಕಳ ಹೆಸರನ್ನು ಇದೇ ವಿಮೆಯಡಿ ನೋಂದಾಯಿಸಬಹುದು. ಅದಕ್ಕೆ ಹೆಚ್ಚುವರಿ ಹಣ ಕಟ್ಟಬೇಕಿಲ್ಲ.

ವಿಮೆ ಇದ್ದವರಿಗೆ ಕುಟುಂಬ ವೈದ್ಯರ ಭೇಟಿ, ಆಸ್ಪತ್ರೆ ವಾಸ, ಶಸ್ತ್ರಚಿಕಿತ್ಸೆ, ಹೆರಿಗೆ, ತುರ್ತು ಆಂಬುಲೆನ್ಸ್ ಎಲ್ಲವೂ ಉಚಿತ. ಆದರೆ ಆಸ್ಪತ್ರೆ ಎನ್‌ಎಫ್‌ಝಡ್ ಜೊತೆ ಒಪ್ಪಂದ ಮಾಡಿಕೊಂಡಿರಬೇಕು. ಹೊರಗಡೆ ಖರೀದಿಸುವ ಔಷಧಿಗೆ ಒಂದಿಷ್ಟು ಪಾಲು ರೋಗಿಯೇ ಕೊಡಬೇಕು. 2023ರ ಸೆಪ್ಟೆಂಬರ್‌ನಿಂದ 65 ದಾಟಿದ ಹಿರಿಯರಿಗೆ ಮತ್ತು 18ರೊಳಗಿನವರಿಗೆ ಪಟ್ಟಿಯಲ್ಲಿರುವ ಔಷಧಿಗಳು ಉಚಿತವಾಗಿ ಸಿಗುತ್ತಿವೆ.

ಅಮೆರಿಕ: ಹಲವು ವಿಮೆ, ಹಲವು ದರ

ಅಮೆರಿಕದಲ್ಲಿ ಎಲ್ಲರನ್ನೂ ಒಳಗೊಳ್ಳುವ ಒಂದೇ ವ್ಯವಸ್ಥೆ ಇಲ್ಲ. 65 ದಾಟಿದವರಿಗೆ ಮೆಡಿಕೇರ್, ಕಡಿಮೆ ಆದಾಯದವರಿಗೆ ಮೆಡಿಕೇಯ್ಡ್ ಇದೆ. ಇವೆರಡೂ ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, 1965ರಲ್ಲಿ ಕಾನೂನಾದವು. ಉಳಿದವರಲ್ಲಿ ಹೆಚ್ಚಿನವರಿಗೆ ಕಂಪನಿಯ ಮೂಲಕ ಖಾಸಗಿ ವಿಮೆ ಸಿಗುತ್ತದೆ. ಎರಡನೇ ಮಹಾಯುದ್ಧದ ವೇಳೆ ಸರ್ಕಾರ ಸಂಬಳ ಏರಿಕೆಗೆ ಮಿತಿ ಹಾಕಿದಾಗ, ಕಾರ್ಮಿಕರನ್ನು ಸೆಳೆಯಲು ಕಂಪನಿಗಳು ಆರೋಗ್ಯ ವಿಮೆ ಕೊಡತೊಡಗಿದವು. ಆ ಪದ್ಧತಿ ಹಾಗೇ ಉಳಿಯಿತು. 2010ರ ಅಫೋರ್ಡಬಲ್ ಕೇರ್ ಕಾಯ್ದೆಯಿಂದ ವಿಮೆ ಇಲ್ಲದವರ ಸಂಖ್ಯೆ ಇಳಿಯಿತಾದರೂ 2023ರಲ್ಲಿ ಜನಸಂಖ್ಯೆಯ ಶೇ 8ರಷ್ಟು, ಅಂದರೆ ಸುಮಾರು 2.6 ಕೋಟಿ ಮಂದಿಗೆ ವಿಮೆ ಇರಲಿಲ್ಲ.

ವಿಮೆ ಇದ್ದರೂ ಖರ್ಚು ಕಡಿಮೆಯೇನಲ್ಲ. ಕೆಎಫ್‌ಎಫ್ ಸಂಸ್ಥೆಯ 2024ರ ಸಮೀಕ್ಷೆಯಂತೆ ಕಂಪನಿ ಮೂಲಕ ಪಡೆಯುವ ಕುಟುಂಬ ವಿಮೆಯ ವಾರ್ಷಿಕ ಪ್ರೀಮಿಯಂ ಸರಾಸರಿ 25,572 ಡಾಲರ್. ಡಾಲರ್‌ಗೆ 85 ರೂಪಾಯಿಯಂತೆ ಲೆಕ್ಕ ಹಾಕಿದರೆ ಇದು ಸುಮಾರು 21.7 ಲಕ್ಷ ರೂಪಾಯಿ. ಇದರಲ್ಲಿ ಉದ್ಯೋಗಿಯ ಪಾಲು 6,296 ಡಾಲರ್, ಅಂದರೆ ತಿಂಗಳಿಗೆ ಸುಮಾರು 525 ಡಾಲರ್. ಉಳಿದದ್ದನ್ನು ಕಂಪನಿ ಭರಿಸುತ್ತದೆ.

ಒಂದೇ ಆಪರೇಷನ್, ಎರಡು ಲೆಕ್ಕ

ಪ್ರೀಮಿಯಂ ಕಟ್ಟಿದ ಮಾತ್ರಕ್ಕೆ ಅಮೆರಿಕದಲ್ಲಿ ಚಿಕಿತ್ಸೆ ಉಚಿತವಾಗುವುದಿಲ್ಲ. ವಿಮೆ ಕಂಪನಿ ಹಣ ಕೊಡಲು ಆರಂಭಿಸುವ ಮೊದಲು ರೋಗಿ ತನ್ನ ಕೈಯಿಂದ ಇಂತಿಷ್ಟು ಕಟ್ಟಬೇಕು. ಇದಕ್ಕೆ ಡಿಡಕ್ಟಿಬಲ್ ಎನ್ನುತ್ತಾರೆ. ಒಬ್ಬರ ವಿಮೆಗೆ 2024ರಲ್ಲಿ ಇದರ ಸರಾಸರಿ 1,787 ಡಾಲರ್. ಆ ಬಳಿಕವೂ ಬಿಲ್‌ನ ಒಂದು ಭಾಗ ರೋಗಿಯದ್ದೇ.

ಉದಾಹರಣೆಗೆ, ಅಪೆಂಡಿಕ್ಸ್ ಆಪರೇಷನ್‌ಗೆ ವಿಮೆ ಕಂಪನಿ ಒಪ್ಪಿದ ದರ 20,000 ಡಾಲರ್ ಎಂದಿಟ್ಟುಕೊಳ್ಳೋಣ. ಮೊದಲ 1,787 ಡಾಲರ್ ರೋಗಿಯದ್ದು. ಉಳಿದ 18,213 ಡಾಲರ್‌ನಲ್ಲಿ ಶೇ 20ರಷ್ಟು ರೋಗಿಯ ಪಾಲಾದರೆ ಮತ್ತೆ 3,643 ಡಾಲರ್ ಸೇರುತ್ತದೆ. ಒಟ್ಟು 5,430 ಡಾಲರ್, ಅಂದರೆ ಸುಮಾರು 4.6 ಲಕ್ಷ ರೂಪಾಯಿ. ಇದು ಪ್ರೀಮಿಯಂ ಬಿಟ್ಟು ಕೊಡಬೇಕಾದ ಹಣ.

ಇದಕ್ಕೊಂದು ಮಿತಿ ಇದೆ. ವಿಮೆಯ ಜಾಲದೊಳಗಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ 2024ರಲ್ಲಿ ಒಬ್ಬ ವ್ಯಕ್ತಿ ಗರಿಷ್ಠ 9,450 ಡಾಲರ್, ಕುಟುಂಬವಾದರೆ 18,900 ಡಾಲರ್ ಕೈಯಿಂದ ಕೊಡಬೇಕಿತ್ತು. ಅಚ್ಚರಿಯ ಬಿಲ್‌ಗಳನ್ನು ತಡೆಯುವ ಕಾಯ್ದೆ 2022ರಲ್ಲಿ ಜಾರಿಯಾಗಿದೆ. ಆದರೆ ರಸ್ತೆ ಮೇಲೆ ಓಡುವ ಆಂಬುಲೆನ್ಸ್ ಅದರ ವ್ಯಾಪ್ತಿಗೆ ಬರುವುದಿಲ್ಲ.

ಅದೇ ಆಪರೇಷನ್ ಪೋಲೆಂಡ್‌ನ ಎನ್‌ಎಫ್‌ಝಡ್ ಆಸ್ಪತ್ರೆಯಲ್ಲಿ ನಡೆದರೆ ವಿಮೆ ಇರುವ ರೋಗಿ ಕಟ್ಟಬೇಕಾದ ಆಸ್ಪತ್ರೆ ಬಿಲ್ ಸೊನ್ನೆ. ಆಂಬುಲೆನ್ಸ್‌ಗೂ ಹಣವಿಲ್ಲ.

ವಿಮೆ ಇಲ್ಲದವರನ್ನೂ ತುರ್ತು ಸ್ಥಿತಿಯಲ್ಲಿ ಪರೀಕ್ಷಿಸಿ, ಪ್ರಾಣಾಪಾಯದಿಂದ ಪಾರು ಮಾಡಬೇಕು ಎಂದು 1986ರ ಅಮೆರಿಕ ಕಾನೂನು ಹೇಳುತ್ತದೆ. ಆದರೆ ನಂತರ ಬಿಲ್ ಬಂದೇ ಬರುತ್ತದೆ. ಕೆಎಫ್‌ಎಫ್ ಅಂದಾಜಿನಂತೆ ಅಮೆರಿಕದಲ್ಲಿ ಸುಮಾರು 2 ಕೋಟಿ ವಯಸ್ಕರ ಮೇಲೆ ವೈದ್ಯಕೀಯ ಸಾಲವಿದ್ದು, ಒಟ್ಟು ಮೊತ್ತ ಕನಿಷ್ಠ 220 ಶತಕೋಟಿ ಡಾಲರ್.

ಅಮೆರಿಕದಲ್ಲಿ ಇಷ್ಟು ದುಬಾರಿ ಏಕೆ?

ಅಮೆರಿಕದವರು ಹೆಚ್ಚು ಬಾರಿ ಆಸ್ಪತ್ರೆಗೆ ಹೋಗುತ್ತಾರೆ ಎಂಬುದು ಇದಕ್ಕೆ ಕಾರಣವಲ್ಲ. ಅಲ್ಲಿ ಪ್ರತಿ ಸೇವೆಯ ದರವೇ ಹೆಚ್ಚು. ಪೋಲೆಂಡ್‌ನಲ್ಲಿ ಬಹುತೇಕ ಎಲ್ಲ ಚಿಕಿತ್ಸೆಯನ್ನೂ ಖರೀದಿಸುವುದು ಒಂದೇ ನಿಧಿ. ಹಾಗಾಗಿ ದರ ನಿಗದಿಯಲ್ಲಿ ಅದರ ಮಾತು ನಡೆಯುತ್ತದೆ. ಅಮೆರಿಕದಲ್ಲಿ ನೂರಾರು ವಿಮೆ ಕಂಪನಿಗಳು ಬೇರೆಬೇರೆ ಆಸ್ಪತ್ರೆಗಳೊಂದಿಗೆ ಪ್ರತ್ಯೇಕವಾಗಿ ಚೌಕಾಸಿ ಮಾಡುತ್ತವೆ. ಒಂದೇ ಪರೀಕ್ಷೆಗೆ ಒಂದೇ ಊರಿನಲ್ಲಿ ಬೇರೆಬೇರೆ ದರ ಇರುತ್ತದೆ. ಬಿಲ್ಲಿಂಗ್, ಕ್ಲೇಮ್ ಕೆಲಸಕ್ಕೇ ದೊಡ್ಡ ಸಿಬ್ಬಂದಿ ಬೇಕಾಗುತ್ತದೆ.

ಔಷಧಿಯ ಕಥೆಯೂ ಹೀಗೆಯೇ. ರ‍್ಯಾಂಡ್ ಸಂಸ್ಥೆಯ ಅಧ್ಯಯನದ ಪ್ರಕಾರ 2022ರಲ್ಲಿ ಅಮೆರಿಕದ ಔಷಧಿ ಬೆಲೆ ಇತರ 33 ಒಇಸಿಡಿ ದೇಶಗಳ ಬೆಲೆಯ ಸುಮಾರು 2.78 ಪಟ್ಟು ಇತ್ತು. 2022ರ ಕಾಯ್ದೆಯ ಬಳಿಕ ಮೆಡಿಕೇರ್ ಫಲಾನುಭವಿಗಳಿಗೆ ಇನ್ಸುಲಿನ್ ವೆಚ್ಚವನ್ನು ತಿಂಗಳಿಗೆ 35 ಡಾಲರ್‌ಗೆ ಮಿತಿಗೊಳಿಸಲಾಗಿದೆ.

ಪೋಲೆಂಡ್‌ನಲ್ಲಿ ಕೊಡಬೇಕಾದ ಬೆಲೆ: ಸಮಯ

ಹಾಗೆಂದು ಪೋಲೆಂಡ್ ವ್ಯವಸ್ಥೆಯಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಅಲ್ಲಿನ ದೊಡ್ಡ ದೂರು ಕಾಯುವಿಕೆ. ತಜ್ಞ ವೈದ್ಯರನ್ನು ಕಾಣಲು ಸಾಮಾನ್ಯವಾಗಿ ಕುಟುಂಬ ವೈದ್ಯರ ಶಿಫಾರಸು ಪತ್ರ ಬೇಕು. ಅದು ಸಿಕ್ಕ ಮೇಲೂ ಹಲವು ವಿಭಾಗಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಯಾವ ಆಸ್ಪತ್ರೆಯಲ್ಲಿ ಎಷ್ಟು ದಿನ ಕಾಯಬೇಕು ಎಂಬುದನ್ನು ಎನ್‌ಎಫ್‌ಝಡ್ ತನ್ನ ವೆಬ್‌ಸೈಟ್‌ನಲ್ಲೇ ಪ್ರಕಟಿಸುತ್ತದೆ. ತುರ್ತು ಎಂದು ನಮೂದಿಸಿದ ಪತ್ರಗಳಿಗೆ ಆದ್ಯತೆ ಇದೆ. ಕ್ಯಾನ್ಸರ್ ಶಂಕೆ ಇರುವವರಿಗೆ 2015ರಿಂದ ಪ್ರತ್ಯೇಕ ಕಾರ್ಡ್ ನೀಡಿ ಬೇಗ ತಪಾಸಣೆ ಮಾಡುವ ವ್ಯವಸ್ಥೆ ಇದೆ.

ಕಾಯಲಾಗದವರು ಖಾಸಗಿ ಕ್ಲಿನಿಕ್‌ಗೆ ಹೋಗುತ್ತಾರೆ. ಅಲ್ಲಿ ತಜ್ಞರ ಒಂದು ಭೇಟಿಗೆ ಸಾಮಾನ್ಯವಾಗಿ 200ರಿಂದ 350 ಝ್ಲೋಟಿ ಆಗುತ್ತದೆ. ಹಲ್ಲಿನ ಚಿಕಿತ್ಸೆಗೂ ಬಹುತೇಕರು ಖಾಸಗಿಯನ್ನೇ ನೆಚ್ಚಿದ್ದಾರೆ. ಹೀಗಾಗಿ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಕೈಯಿಂದ ಕೊಡುವ ಪಾಲು ಪೋಲೆಂಡ್‌ನಲ್ಲಿ ಐದನೇ ಒಂದರಷ್ಟಿದೆ. ಅಮೆರಿಕದಲ್ಲಿ ಅದು ಹತ್ತನೇ ಒಂದರ ಆಸುಪಾಸು. ಆದರೆ ಹಣದಲ್ಲಿ ನೋಡಿದರೆ ಅಮೆರಿಕದ ಆ ಸಣ್ಣ ಪಾಲೇ ಎರಡು ಪಟ್ಟಿಗಿಂತ ಹೆಚ್ಚು.

2004ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಬಳಿಕ ಪೋಲೆಂಡ್‌ನ ಅನೇಕ ವೈದ್ಯರು, ನರ್ಸ್‌ಗಳು ಪಶ್ಚಿಮ ಯುರೋಪಿಗೆ ವಲಸೆ ಹೋದರು. 2017ರಲ್ಲಿ ವಾರ್ಸಾದಲ್ಲಿ ಕಿರಿಯ ವೈದ್ಯರು ಉಪವಾಸ ಸತ್ಯಾಗ್ರಹ ಮಾಡಿ, ಆರೋಗ್ಯಕ್ಕೆ ಹೆಚ್ಚು ಹಣ ಕೊಡುವಂತೆ ಒತ್ತಾಯಿಸಿದ್ದರು. 2027ರ ವೇಳೆಗೆ ಸರ್ಕಾರಿ ಆರೋಗ್ಯ ವೆಚ್ಚವನ್ನು ಜಿಡಿಪಿಯ ಶೇ 7ಕ್ಕೆ ಏರಿಸುವ ಗುರಿಯನ್ನು ಈಗ ಕಾನೂನಿನಲ್ಲೇ ಸೇರಿಸಲಾಗಿದೆ.

ಚಿಕಿತ್ಸೆಯ ಫಲಿತಾಂಶ ಎಲ್ಲಿ ಚೆನ್ನಾಗಿದೆ?

ಗಂಭೀರ ಕಾಯಿಲೆಗಳ ವಿಷಯದಲ್ಲಿ ಅಮೆರಿಕ ಮುಂದಿದೆ. 2010ರಿಂದ 2014ರ ನಡುವೆ ಸ್ತನ ಕ್ಯಾನ್ಸರ್ ಪತ್ತೆಯಾದ ಮಹಿಳೆಯರಲ್ಲಿ ಐದು ವರ್ಷ ಬದುಕುಳಿಯುವ ಪ್ರಮಾಣ ಅಮೆರಿಕದಲ್ಲಿ ಸುಮಾರು ಶೇ 90 ಇದ್ದರೆ, ಪೋಲೆಂಡ್‌ನಲ್ಲಿ ಶೇ 76ರ ಆಸುಪಾಸಿನಲ್ಲಿತ್ತು. ಹೊಸ ಔಷಧಿ, ಹೊಸ ಯಂತ್ರಗಳು ಅಮೆರಿಕಕ್ಕೆ ಬೇಗ ಬರುತ್ತವೆ.

ಶಿಶು ಮರಣದಲ್ಲಿ ಚಿತ್ರ ಉಲ್ಟಾ. ಅಮೆರಿಕದಲ್ಲಿ ಪ್ರತಿ 1,000 ಜನನಕ್ಕೆ 5.6 ಶಿಶುಗಳು ಸಾಯುತ್ತಿದ್ದರೆ, ಪೋಲೆಂಡ್‌ನಲ್ಲಿ ಈ ಸಂಖ್ಯೆ 4ರ ಒಳಗಿದೆ.

ಇನ್ನು ಆಯಸ್ಸು ಆಸ್ಪತ್ರೆಯನ್ನಷ್ಟೇ ಅವಲಂಬಿಸಿಲ್ಲ. ಅಮೆರಿಕದಲ್ಲಿ 2022 ಮತ್ತು 2023ರಲ್ಲಿ ವರ್ಷಕ್ಕೆ 1 ಲಕ್ಷಕ್ಕೂ ಹೆಚ್ಚು ಜನ ಡ್ರಗ್ಸ್ ಮಿತಿಮೀರಿ ಸತ್ತರು. ಹತ್ತು ವಯಸ್ಕರಲ್ಲಿ ನಾಲ್ವರಿಗೆ ಬೊಜ್ಜಿನ ಸಮಸ್ಯೆ ಇದೆ. ಪೋಲೆಂಡ್‌ನಲ್ಲಿ ಧೂಮಪಾನ, ಮದ್ಯಪಾನ, ಹೃದ್ರೋಗ ಮತ್ತು ಚಳಿಗಾಲದ ಕಲ್ಲಿದ್ದಲು ಹೊಗೆ ಜನರ ಆರೋಗ್ಯ ಕೆಡಿಸುತ್ತಿವೆ.

ಸಂಬಳ ಮತ್ತು ಜೀವನಮಟ್ಟ

ಆದಾಯದಲ್ಲಿ ಅಮೆರಿಕಕ್ಕೆ ಪೋಲೆಂಡ್ ಸಾಟಿಯಲ್ಲ. 2023ರಲ್ಲಿ ತಲಾ ಜಿಡಿಪಿ ಅಮೆರಿಕದಲ್ಲಿ ಸುಮಾರು 82,000 ಡಾಲರ್, ಪೋಲೆಂಡ್‌ನಲ್ಲಿ ಸುಮಾರು 22,000 ಡಾಲರ್. ಆದರೆ ಪೋಲೆಂಡ್‌ನಲ್ಲಿ ಬಹುತೇಕ ಸೇವೆಗಳ ಬೆಲೆ ಕಡಿಮೆ. ಕೊಳ್ಳುವ ಶಕ್ತಿಯ ಲೆಕ್ಕದಲ್ಲಿ ನೋಡಿದರೆ ನಾಲ್ಕು ಪಟ್ಟಿನ ಅಂತರ ಎರಡು ಪಟ್ಟಿಗಿಂತ ಕೆಳಕ್ಕೆ ಇಳಿಯುತ್ತದೆ.

ಕಾನೂನು ಕೊಡುವ ಸೌಲಭ್ಯಗಳಲ್ಲಿ ಪೋಲೆಂಡ್ ಉದಾರಿ. ಅಲ್ಲಿ ವರ್ಷಕ್ಕೆ ಕನಿಷ್ಠ 20 ದಿನ ಸಂಬಳ ಸಹಿತ ರಜೆ ಕಡ್ಡಾಯ. ಕಾಯಿಲೆ ಬಿದ್ದರೆ ಸಾಮಾನ್ಯವಾಗಿ ಸಂಬಳದ ಶೇ 80ರಷ್ಟು 182 ದಿನಗಳವರೆಗೆ ಸಿಗುತ್ತದೆ. ಒಂದು ಮಗುವಿನ ಹೆರಿಗೆಗೆ 20 ವಾರ ಭತ್ಯೆ ಸಹಿತ ರಜೆ, ನಂತರ ಪೋಷಕರ ರಜೆ ಬೇರೆ. 18ರೊಳಗಿನ ಪ್ರತಿ ಮಗುವಿಗೆ 2024ರಿಂದ ತಿಂಗಳಿಗೆ 800 ಝ್ಲೋಟಿ ನೆರವು ಸಿಗುತ್ತಿದೆ.

ಅಮೆರಿಕದ ಫೆಡರಲ್ ಕಾನೂನು ಖಾಸಗಿ ಉದ್ಯೋಗಿಗಳಿಗೆ ಸಂಬಳ ಸಹಿತ ರಜೆಯ ಖಾತರಿ ಕೊಡುವುದಿಲ್ಲ. 1993ರ ಕಾಯ್ದೆಯಡಿ ಅರ್ಹರಿಗೆ ಸಿಗುವುದು 12 ವಾರಗಳ ಸಂಬಳ ರಹಿತ ರಜೆ. ಕೆಲವು ರಾಜ್ಯಗಳು ಮತ್ತು ದೊಡ್ಡ ಕಂಪನಿಗಳು ತಾವಾಗಿ ಹೆಚ್ಚು ಕೊಡುತ್ತವೆ.

ಕೆಲಸ ಹೋದರೆ ಏನಾಗುತ್ತದೆ?

ಎರಡು ವ್ಯವಸ್ಥೆಗಳ ನಿಜವಾದ ವ್ಯತ್ಯಾಸ ಗೊತ್ತಾಗುವುದು ಇಲ್ಲಿ. ಅಮೆರಿಕದಲ್ಲಿ ಕೆಲಸದೊಂದಿಗೆ ವಿಮೆಯೂ ಹೋಗುತ್ತದೆ. 'ಕೋಬ್ರಾ' ಎಂಬ ನಿಯಮದಡಿ ಹಳೆಯ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳು ಮುಂದುವರಿಸಬಹುದು. ಆದರೆ ಕಂಪನಿಯ ಪಾಲನ್ನೂ ಸೇರಿಸಿ ಪೂರ್ತಿ ಪ್ರೀಮಿಯಂ ತಾವೇ ಕಟ್ಟಬೇಕು. ಸರಾಸರಿ ಕುಟುಂಬ ವಿಮೆಗೆ ಇದು ತಿಂಗಳಿಗೆ 2,100 ಡಾಲರ್ ದಾಟುತ್ತದೆ, ಅದೂ ಸಂಬಳ ಇಲ್ಲದ ಹೊತ್ತಿನಲ್ಲಿ.

ಪೋಲೆಂಡ್‌ನಲ್ಲಿ ಕೆಲಸ ಬಿಟ್ಟ ಮೇಲೆ 30 ದಿನ ವಿಮೆ ಮುಂದುವರಿಯುತ್ತದೆ. ಅಷ್ಟರಲ್ಲಿ ಉದ್ಯೋಗ ಕಚೇರಿಯಲ್ಲಿ ನಿರುದ್ಯೋಗಿ ಎಂದು ನೋಂದಾಯಿಸಿಕೊಂಡರೆ ವಂತಿಗೆ ಇಲ್ಲದೆಯೇ ವಿಮೆ ಸಿಗುತ್ತದೆ.

ಭಾರತದಿಂದ ಹೋಗುವವರು ಗಮನಿಸಬೇಕಾದ ಅಂಶಗಳು

ಅಮೆರಿಕದಂತೆ ಪೋಲೆಂಡ್‌ನಲ್ಲೂ ಭಾರತೀಯ ಐಟಿ ಕಂಪನಿಗಳಿವೆ. ಬೆಂಗಳೂರು ಮೂಲದ ಇನ್ಫೋಸಿಸ್ ಪೋಲೆಂಡ್‌ನ ವೂಚ್ ನಗರದಲ್ಲಿ ಕೇಂದ್ರ ಹೊಂದಿದೆ. ಕೆಲಸಕ್ಕೆಂದು ಹೋಗುವವರು ಸಂಬಳದ ಜೊತೆ ಈ ವಿಷಯಗಳನ್ನೂ ನೋಡಬೇಕು.

• ಪೋಲೆಂಡ್: ಉದ್ಯೋಗ ಒಪ್ಪಂದದ ಮೇಲೆ ಕೆಲಸ ಮಾಡುವ ವಿದೇಶಿಯರಿಗೂ ಎನ್‌ಎಫ್‌ಝಡ್ ವಿಮೆ ಕಡ್ಡಾಯ. ಜೊತೆಗಿರುವ ಪತ್ನಿ, ಮಕ್ಕಳ ಹೆಸರನ್ನು ಕಂಪನಿ ಮೂಲಕ ಕೂಡಲೇ ನೋಂದಾಯಿಸಬೇಕು.

• ಅಮೆರಿಕ: ಆಫರ್ ಪತ್ರದಲ್ಲಿ ಕುಟುಂಬ ವಿಮೆಗೆ ತಮ್ಮ ಪಾಲು ಎಷ್ಟು, ಡಿಡಕ್ಟಿಬಲ್ ಎಷ್ಟು, ವರ್ಷದ ಗರಿಷ್ಠ ಮಿತಿ ಎಷ್ಟು ಎಂಬ ಮೂರನ್ನೂ ಕೇಳಬೇಕು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ದೇಶದಲ್ಲಿರಲು ಸಾಮಾನ್ಯವಾಗಿ 60 ದಿನಗಳ ಅವಕಾಶ ಮಾತ್ರ.

• ಅಪ್ಪ ಅಮ್ಮ ನೋಡಲು ಬರುವಾಗ: ಪೋಲೆಂಡ್ ಸೇರಿ ಷೆಂಗೆನ್ ದೇಶಗಳ ಅಲ್ಪಾವಧಿ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಮೆರಿಕದ ಪ್ರವಾಸಿ ವೀಸಾಕ್ಕೆ ಇಂಥ ಷರತ್ತಿಲ್ಲ. ಆದರೆ ವಿಮೆ ಇಲ್ಲದೆ ಹೋಗಿ ಆಸ್ಪತ್ರೆ ಸೇರಿದರೆ ಪೂರ್ತಿ ಬಿಲ್ ಕುಟುಂಬದ ಮೇಲೆ ಬೀಳುತ್ತದೆ. ಹಳೆಯ ಕಾಯಿಲೆಗಳಿಗೆ ಆ ವಿಮೆ ಅನ್ವಯಿಸುತ್ತದೆಯೇ ಎಂಬುದನ್ನು ಮೊದಲೇ ಓದಿಕೊಳ್ಳಬೇಕು.

• ಗ್ರೀನ್ ಕಾರ್ಡ್ ಪಡೆದ ಹಿರಿಯರು: 65 ದಾಟಿದ್ದರೂ ಅಮೆರಿಕದಲ್ಲಿ ಕೆಲಸ ಮಾಡಿದ ದಾಖಲೆ ಇಲ್ಲದಿದ್ದರೆ, ಸತತ ಐದು ವರ್ಷ ಅಲ್ಲಿ ನೆಲೆಸಿದ ಬಳಿಕವಷ್ಟೇ ಹಣ ಕಟ್ಟಿ ಮೆಡಿಕೇರ್ ಸೇರಬಹುದು.

ಒಟ್ಟಿನಲ್ಲಿ, ಆರೋಗ್ಯವಾಗಿದ್ದು ಒಳ್ಳೆಯ ಕಂಪನಿಯಲ್ಲಿ ದುಡಿಯುವವರಿಗೆ ಅಮೆರಿಕದಲ್ಲಿ ಉಳಿತಾಯ ಹೆಚ್ಚು. ಕಾಯಿಲೆ ಮತ್ತು ಕೆಲಸ ಹೋಗುವುದು ಒಟ್ಟಿಗೇ ಬಂದರೆ ಆ ಉಳಿತಾಯ ಕರಗಲು ಹೆಚ್ಚು ಕಾಲ ಬೇಕಿಲ್ಲ. ಪೋಲೆಂಡ್‌ನಲ್ಲಿ ಕೈಗೆ ಬರುವುದು ಕಡಿಮೆ, ತಜ್ಞರ ಬಾಗಿಲಲ್ಲಿ ಕಾಯುವುದು ಹೆಚ್ಚು. ಆದರೆ ಅಲ್ಲಿ ವಿಮೆ ಇರುವ ಕುಟುಂಬವೊಂದು ಆಸ್ಪತ್ರೆ ಬಿಲ್‌ಗಾಗಿ ಸಾಲ ಮಾಡಬೇಕಾದ ಪರಿಸ್ಥಿತಿ ಅಪರೂಪ.