ವಾಯಿದಾ ವ್ಯಾಪಾರ ಮತ್ತು ಷರೀಅತ್

ಮುಂದಿನ ಒಂದು ತಾರೀಖಿಗೆ ಇಂದೇ ದರ ಗೊತ್ತುಮಾಡಿಕೊಂಡು ಎಕ್ಸ್‌ಚೇಂಜಿನಲ್ಲಿ ನಡೆಸುವ ಖರೀದಿ-ಮಾರಾಟವೇ ವಾಯಿದಾ ವ್ಯಾಪಾರ ಅಥವಾ ಫ್ಯೂಚರ್ಸ್. ಇದು ಷರೀಅತ್ತಿಗೆ ಒಪ್ಪುವುದಿಲ್ಲವೆಂಬುದು ಬಹುಪಾಲು ಇಸ್ಲಾಮಿ ಧರ್ಮಶಾಸ್ತ್ರಜ್ಞರ ಮತ.

ಆಕ್ಷೇಪದ ಬುಡ ಇರುವುದು ಬಡ್ಡಿಯಲ್ಲಿ ಎನ್ನುವುದಕ್ಕಿಂತ ಕಬ್ಜೆಯಲ್ಲಿ, ಅಂದರೆ ಮಾಲು ಕೈವಶವಾಗಿರುವುದರಲ್ಲಿ. ತನ್ನ ಬಳಿ ಇಲ್ಲದ್ದನ್ನು ಮಾರುವುದನ್ನು ಪ್ರವಾದಿಯ ನುಡಿಗಳಾದ ಹದೀಸ್‌ಗಳು ತಡೆಯುತ್ತವೆ. ವಾಯಿದಾದಲ್ಲಿ ಮಾರುವವನ ಬಳಿ ಮಾಲು ಇರಲೇಬೇಕೆಂದಿಲ್ಲ, ಕೊಳ್ಳುವವನು ಪೂರ್ತಿ ಹಣ ಕೊಟ್ಟಿರುವುದಿಲ್ಲ. ಇಬ್ಬರೂ ಕಟ್ಟುವುದು ಮಾರ್ಜಿನ್ ಎಂಬ ಭಾಗಶಃ ಠೇವಣಿ ಮಾತ್ರ. ಎಕ್ಸ್‌ಪೈರಿಗೆ (ಕರಾರು ಮುಗಿಯುವ ದಿನಕ್ಕೆ) ಮೊದಲೇ ಎದುರು ವ್ಯವಹಾರದಿಂದ ಸ್ಕ್ವೇರ್ ಆಫ್ ಮಾಡಿ ದರದ ವ್ಯತ್ಯಾಸವನ್ನಷ್ಟೇ ಜೇಬಿಗಿಳಿಸಿದರೆ ಅದು ಮೈಸಿರ್, ಅಂದರೆ ಜೂಜು, ಎನ್ನಿಸಿಕೊಳ್ಳುತ್ತದೆ. ಬೆಳೆ ಬರುವ ಮುಂಚೆಯೇ ಮಾರಲು ಅವಕಾಶ ಕೊಡುವ ‘ಸಲಂ’ ಕರಾರು ಇದಕ್ಕೆ ಹತ್ತಿರದ್ದಾಗಿ ಕಂಡರೂ, ಅಲ್ಲಿ ಹಣವನ್ನೆಲ್ಲ ಮುಂಗಡವಾಗಿಯೇ ಕೊಡಬೇಕು. ಚಿನ್ನದ ವಿಷಯ ಇನ್ನೂ ಬಿಗಿ: ಹಣಕ್ಕೆ ಚಿನ್ನ ಕೈಯಿಂದ ಕೈಗೆ, ಆಗಲೇ ಬದಲಾಗಬೇಕು. ಹಾಗಾಗಿ ಮುಂಬಯಿಯ ಸರಕು ವಾಯಿದಾ ಪೇಟೆ ಎಂಸಿಎಕ್ಸ್‌ನಲ್ಲಿ ಕೊನೆಗೆ ನಿಜವಾದ ಚಿನ್ನದ ಡೆಲಿವರಿಯೇ ಆದರೂ ಈ ತೊಡಕು ಬಗೆಹರಿಯುವುದಿಲ್ಲ.

1992ರಲ್ಲಿ ಜೆದ್ದಾದಲ್ಲಿ ಸೇರಿದ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಇಂಥ ಕರಾರುಗಳನ್ನು ಒಪ್ಪಲಿಲ್ಲ. ಬಹರೇನಿನಲ್ಲಿರುವ, ಇಸ್ಲಾಮಿ ಹಣಕಾಸಿನ ಲೆಕ್ಕಪತ್ರ ಮಾನದಂಡ ಸಂಸ್ಥೆ ಆಯೋಫಿಯ ನಿಲುವೂ ಅದೇ. ಮಲೇಷ್ಯಾದ ದಾರಿ ಬೇರೆ. ಅಲ್ಲಿನ ಸೆಕ್ಯುರಿಟೀಸ್ ಆಯೋಗದ ಷರೀಅತ್ ಮಂಡಳಿ ತಾಳೆ ಎಣ್ಣೆಯ ಫ್ಯೂಚರ್ಸ್‌ಗೆ ಒಪ್ಪಿಗೆ ಕೊಟ್ಟಿತು. ಸರಕು ಕೈಸೇರದೆ ಹೋದೀತೆಂಬ ಭಯವೇ ಹಳೆಯ ನಿಷೇಧಕ್ಕೆ ಕಾರಣ, ಆ ಭಯವನ್ನು ಇಂದು ವ್ಯವಹಾರದ ಇತ್ಯರ್ಥಕ್ಕೆ ಖಾತರಿ ನಿಲ್ಲುವ ಕ್ಲಿಯರಿಂಗ್ ಹೌಸ್ ಕಳೆಯುತ್ತದೆ ಎಂಬುದು ವಿದ್ವಾಂಸ ಮೊಹಮ್ಮದ್ ಹಾಶಿಮ್ ಕಮಾಲಿಯವರ ವಾದ. ವಾದ ಗಟ್ಟಿಯೇ, ಆದರೆ ಅದು ಜೂಜಿನ ಆಕ್ಷೇಪವನ್ನು ಅಷ್ಟಾಗಿ ಮುಟ್ಟುವುದಿಲ್ಲ.

ಮುಂಬಯಿ ಹೊರವಲಯದ ಶಹಾಡ್, ಕಲ್ಯಾಣ, ಭಿವಂಡಿ ಕಡೆಯ ಹೂಡಿಕೆದಾರನಿಗೆ ಮುಂಬಯಿಯ ಎರಡೂ ಷೇರುಪೇಟೆಗಳು, ಬಿಎಸ್‌ಇ ಮತ್ತು ಎನ್‌ಎಸ್‌ಇ, ಈಗ ಫೋನಿನಲ್ಲೇ ಇವೆ. ಗೊಂದಲ ಹುಟ್ಟುವುದೂ ಅಲ್ಲೇ. ಬಿಎಸ್‌ಇ 2010ರ ಡಿಸೆಂಬರಿನಲ್ಲಿ ಟಾಸಿಸ್ ಷರೀಅತ್ 50 ಸೂಚ್ಯಂಕ ತಂದಿತು. ಎನ್‌ಎಸ್‌ಇಯಲ್ಲಿ ನಿಫ್ಟಿ ಷರೀಅತ್ ಸೂಚ್ಯಂಕಗಳಿವೆ. ಇವು ಸೋಸುವುದು ಕಂಪನಿಗಳನ್ನು: ಮದ್ಯ, ಬಡ್ಡಿ ವ್ಯವಹಾರದ ಬ್ಯಾಂಕು, ಮಿತಿಮೀರಿದ ಸಾಲ ಇದ್ದರೆ ಹೊರಗೆ. ಷೇರನ್ನು ಹೇಗೆ ಕೊಳ್ಳುತ್ತೀರಿ ಎಂಬುದನ್ನು ಅವು ನೋಡುವುದಿಲ್ಲ. ಪಟ್ಟಿಯಲ್ಲಿರುವ ಕಂಪನಿಯ ಷೇರನ್ನು ಪೂರ್ತಿ ಹಣ ಕೊಟ್ಟು ಡಿಮ್ಯಾಟ್ ಖಾತೆಗೆ ತೆಗೆದುಕೊಂಡರೆ ಒಂದು ತೀರ್ಪು. ಅದೇ ಷೇರಿನ ಫ್ಯೂಚರ್ಸ್ ಕೊಂಡರೆ ಇನ್ನೊಂದು.

ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ 2019ರ ಅಕ್ಟೋಬರಿನಿಂದ ಎಲ್ಲ ಷೇರು ಫ್ಯೂಚರ್ಸ್‌ಗಳೂ ಎಕ್ಸ್‌ಪೈರಿಯಲ್ಲಿ ಷೇರುಗಳ ಡೆಲಿವರಿಯಲ್ಲೇ ಮುಗಿಯಬೇಕು. ನಿಫ್ಟಿ, ಸೆನ್ಸೆಕ್ಸ್ ಮುಂತಾದ ಸೂಚ್ಯಂಕಗಳ ಫ್ಯೂಚರ್ಸ್ ಮಾತ್ರ ನಗದಿನಲ್ಲಿ ಇತ್ಯರ್ಥವಾಗುತ್ತವೆ. ಇದರಿಂದ ಕಬ್ಜೆಯ ಆಕ್ಷೇಪ ಸ್ವಲ್ಪ ಸಡಿಲವಾಯಿತು. ಆದರೆ ಕರಾರಿನ ದಿನ ಹಣವೂ ಬಾಕಿ, ಷೇರೂ ಬಾಕಿ ಎಂಬ ಸ್ಥಿತಿ ಹಾಗೇ ಇದೆ; ಬಹುಮತದ ಶಾಸ್ತ್ರಜ್ಞರು ತಮ್ಮ ತೀರ್ಪಿಗೆ ಆಧಾರ ಮಾಡಿಕೊಂಡಿರುವುದೂ ಇದನ್ನೇ.