ಮನೆ ಉಳಿಯಿತು, ಮನೆಯವರು ಉಳಿಯಲಿಲ್ಲ

ಕೈಯಲ್ಲಿ ನಾಲ್ಕು ಕಾಸು ಓಡಾಡಿದರೆ ಸಾಕು, ಹುಟ್ಟನ್ನು ಯಾರೂ ಕೇಳೋದಿಲ್ಲ ಅಂತ ಬುದ್ಧಿ ಹೇಳುವವರು ಬಹಳ ಮಂದಿ. ಅಂಥವರ ಮುಂದೆ ನಾವು ಕಾಮೊಂಡೊ ಎಂಬ ಯಹೂದಿ ಸಾಹುಕಾರ ಮನೆತನದ ಚರಿತ್ರೆಯನ್ನು ಇಡುತ್ತೇವೆ.

1492ರಲ್ಲಿ ಸ್ಪೇನಿನ ದೊರೆಗಳು ಯಹೂದಿಗಳಿಗೆ ಎರಡೇ ದಾರಿ ಬಿಟ್ಟರು: ಕ್ರೈಸ್ತರಾಗಿ, ಇಲ್ಲವೇ ದೇಶ ಬಿಡಿ. ಬಿಟ್ಟು ಹೊರಟವರಲ್ಲಿ ಇವರ ಹಿರೀಕರೂ ಇದ್ದರು. ಕೊನೆಗೆ ನೆಲೆ ಸಿಕ್ಕಿದ್ದು ಇಸ್ತಾಂಬುಲ್ ನಗರದಲ್ಲಿ. 1802ರಲ್ಲಿ ಐಸಾಕ್ ಕಾಮೊಂಡೊ ಅಲ್ಲಿ ಬ್ಯಾಂಕು ತೆರೆದ. ಅವನ ತಮ್ಮ ಅಬ್ರಹಾಂ ಸಾಲೊಮನ್ನನ ಕಾಲಕ್ಕೆ ಆಟೊಮನ್ ಸರ್ಕಾರವೇ ಇವರ ಬಾಗಿಲಿಗೆ ಸಾಲಕ್ಕೆ ಬಂತು. ಯುದ್ಧ ಹೂಡುವವನು ಸುಲ್ತಾನ, ಬಡ್ಡಿ ಎಣಿಸುವವನು ಸಾಹುಕಾರ, ಕಂದಾಯ ತೆತ್ತು ಸಾಲ ತೀರಿಸುವವನು ರೈತ. ಇದನ್ನು ನಾವು ಮರೆಯುವುದಿಲ್ಲ. ಅದೇ ಮುದುಕ ತನ್ನ ಜನದ ಮಕ್ಕಳಿಗೆ ಹೊಸ ವಿದ್ಯೆಯ ಶಾಲೆ ತೆರೆದು, ಸಂಪ್ರದಾಯಸ್ಥ ರಬ್ಬಿಯಿಂದ ಬಹಿಷ್ಕಾರ ಹಾಕಿಸಿಕೊಂಡದ್ದನ್ನೂ ಮರೆಯುವುದಿಲ್ಲ.

1869ರ ಸುಮಾರಿಗೆ ಮನೆತನ ಪ್ಯಾರಿಸ್ ಸೇರಿತು. ಅಲ್ಲಿ ದುಡ್ಡಿಗೆ ಸಲಾಮು ಸಿಕ್ಕಿತು, ಮನುಷ್ಯರಿಗೆ ಸಿಗಲಿಲ್ಲ. 1886ರಲ್ಲಿ ದ್ರುಮೋಂ ಎಂಬವನು ಯಹೂದಿಗಳ ಮೇಲೆ ವಿಷ ಕಾರಿ ಬರೆದ ಪುಸ್ತಕವನ್ನು ಜನ ಮುಗಿಬಿದ್ದು ಕೊಂಡರು. ಇವರು ಮಾತ್ರ ಕೊಡುತ್ತಲೇ ಹೋದರು. 1911ರಲ್ಲಿ ತೀರಿಕೊಂಡ ಇನ್ನೊಬ್ಬ ಐಸಾಕ್ ತನ್ನ ಚಿತ್ರಸಂಗ್ರಹವನ್ನು ಲೂವ್ರ್ ಸಂಗ್ರಹಾಲಯಕ್ಕೆ ಬರೆದಿಟ್ಟ. ಅವನ ಚಿಕ್ಕಪ್ಪನ ಮಗ ಮೊಯಿಸ್ 1911ರಿಂದ 1914ರವರೆಗೆ ಮೋನ್ಸೋ ಬೀದಿಯಲ್ಲಿ ಅರಮನೆಯಂಥ ಮನೆ ಕಟ್ಟಿಸಿ, ಹದಿನೆಂಟನೇ ಶತಮಾನದ ಫ್ರೆಂಚ್ ಶ್ರೀಮಂತರ ಕುರ್ಚಿ, ಮೇಜು, ಬೆಳ್ಳಿ, ಪಿಂಗಾಣಿ ತಂದು ತುಂಬಿದ. ಫ್ರೆಂಚರಿಗಿಂತ ಹೆಚ್ಚು ಫ್ರೆಂಚನಾಗುವ ಹಟ ಅದು. ಕೆಳಗಿನ ಅಡುಗೆಮನೆಯಲ್ಲಿ ತಾಮ್ರದ ಪಾತ್ರೆ ಉಜ್ಜಿದವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ ಬಿಡಿ.

ಮೊಯಿಸನ ಒಬ್ಬನೇ ಮಗ ನಿಸ್ಸಿಂ ಫ್ರೆಂಚ್ ಸೈನ್ಯದ ವಿಮಾನದಳದಲ್ಲಿದ್ದ. 1917ರ ಸೆಪ್ಟೆಂಬರ್ 5ರಂದು ಆಕಾಶದ ಕಾಳಗದಲ್ಲಿ ಸತ್ತ. ಅಪ್ಪ ಬ್ಯಾಂಕಿನ ವ್ಯವಹಾರ ಮುಗಿಸಿದ. ಮಗನ ಹೆಸರಿನಲ್ಲಿ ಮನೆಯನ್ನೇ ದೇಶಕ್ಕೆ ಬರೆದಿಟ್ಟು 1935ರಲ್ಲಿ ಕಣ್ಣು ಮುಚ್ಚಿದ. ಮರುವರ್ಷ ಅದು ಸಂಗ್ರಹಾಲಯವಾಯಿತು.

ಉಳಿದವಳು ಮಗಳು ಬಿಯಾಟ್ರಿಸ್. 1940ರ ಜೂನ್‌ನಲ್ಲಿ ಜರ್ಮನರು ಪ್ಯಾರಿಸ್ ಹೊಕ್ಕರು. ಅಕ್ಟೋಬರಿನಲ್ಲಿ ಯಹೂದಿಗಳನ್ನು ಹೊರಗಿಡುವ ಕಾನೂನು ತಂದದ್ದು ಫ್ರಾನ್ಸಿನದೇ ವಿಷಿ ಸರ್ಕಾರ. ಬಿಯಾಟ್ರಿಸಳ ಗಂಡ ಲಿಯೋನ್ ರೈನಾಕ್ ಮನೆತನ ಕೊಟ್ಟ ದಾನಗಳನ್ನೆಲ್ಲ ನೆನಪಿಸಿ ಕಾಗದ ಬರೆದ. ಅವಳು ಕ್ಯಾಥೊಲಿಕ್ ಮತಕ್ಕೂ ಸೇರಿದಳು. ಎರಡೂ ಕೆಲಸಕ್ಕೆ ಬರಲಿಲ್ಲ. ದ್ರಾನ್ಸಿ ಬಂದೀಖಾನೆಯಿಂದ 1943ರ ನವೆಂಬರ್ 20ರ ರೈಲಿನಲ್ಲಿ ಲಿಯೋನ್, ಮಗಳು ಫ್ಯಾನಿ, ಮಗ ಬರ್ಟ್ರಾಂ ಆಶ್ವಿಟ್ಜ್‌ಗೆ ಹೋದರು. 1944ರ ಮಾರ್ಚ್ 7ರ ರೈಲು ಬಿಯಾಟ್ರಿಸಳನ್ನು ಒಯ್ದಿತು. ಒಬ್ಬರೂ ಹಿಂದಿರುಗಲಿಲ್ಲ.

ಫ್ರಾನ್ಸಿನಿಂದ ಹೀಗೆ ಸಾಗಿಸಲಾದವರು ಸುಮಾರು 76,000. ಅವರಲ್ಲಿ ದರ್ಜಿಗಳಿದ್ದರು, ಕೂಲಿಗಳಿದ್ದರು, ಬ್ಯಾಂಕಿನವನ ಮಗಳೂ ಇದ್ದಳು. ಅವರಿಗಾಗಿ ನಾವು ಬೇರೆ ಬೇರೆ ಕಣ್ಣೀರು ಇಡುವುದಿಲ್ಲ.

ಅಪ್ಪ ಬರೆದಿಟ್ಟಂತೆ ಆ ಮನೆಯ ಸಾಮಾನು ಅದದೇ ಜಾಗದಲ್ಲಿದೆ. ನಾಲ್ವರ ಸಾವನ್ನು ಹೇಳುವ ಫಲಕವೂ ಅಲ್ಲಿದೆ. ದೇಶ ಚಿತ್ರ ತಗೊಂಡಿತು, ಮನೆ ತಗೊಂಡಿತು, ಮಗನ ಪ್ರಾಣ ತಗೊಂಡಿತು. ಆಮೇಲೂ ಕೇಳಿದ್ದು ಒಂದೇ: ನೀನು ಯಾರಿಗೆ ಹುಟ್ಟಿದವಳು?

ಗೆಳೆಯರೇ, ಈ ಪ್ರಶ್ನೆಯೇ ಸಾಯಬೇಕು. ಉತ್ತರ ಹೇಳುವವರ ಜೇಬು ತುಂಬಿದರೆ ಅದು ಸಾಯುವುದಿಲ್ಲ.