ಉಸಿರಿಗೆ ಯಂತ್ರ ಬಂತು, ರೆಪ್ಪೆಗೆ?

ತೀವ್ರ ನಿಗಾ ಘಟಕದ ಚರಿತ್ರೆಯನ್ನು ನಾವು ಉಸಿರಿನ ಕಥೆಯಾಗಿಯೇ ಓದುತ್ತೇವೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತು. ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು, ರಬ್ಬರ್ ಚೀಲ ಹಿಚುಕಿ ರೋಗಿಗಳ ಉಸಿರು ನಡೆಸಿದರು. ಈ ದಾರಿ ತೋರಿದ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಮರುವರ್ಷ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ ತೆರೆದರು. ಮುಂದೆ ಆ ಕೈಗಳ ಕೆಲಸವನ್ನು ವೆಂಟಿಲೇಟರ್ ವಹಿಸಿಕೊಂಡಿತು.

ರೆಪ್ಪೆ ಬಡಿಯುವ ಯಂತ್ರ ಮಾತ್ರ ಬರಲಿಲ್ಲ. ಮಂಪರಿನ ಔಷಧಿ, ಸ್ನಾಯು ಸಡಿಲಿಸುವ ಔಷಧಿ ಕೊಟ್ಟಾಗ ಎಷ್ಟೋ ರೋಗಿಗಳ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ಅರೆತೆರೆದ ಕಣ್ಣಿನ ಕಾರ್ನಿಯಾ ಒಣಗುತ್ತದೆ, ಹುಣ್ಣಾಗುತ್ತದೆ. ಸೋಂಕು ತಗುಲಿದರೆ ದೃಷ್ಟಿಯೇ ಹೋಗಬಹುದು. ಉರಿಯುತ್ತಿದೆ ಎನ್ನಲು ರೋಗಿಗೆ ಬಾಯಿಲ್ಲ.

ಕಾಯುವುದು ನರ್ಸ್‌ಗಳು. ಟಾರ್ಚ್ ಹಿಡಿದು ರೆಪ್ಪೆ ಎಷ್ಟು ಮುಚ್ಚಿದೆ ನೋಡಬೇಕು, ಒರೆಸಬೇಕು, ಮುಲಾಮು ಹಾಕಬೇಕು, ಕೆಲವೊಮ್ಮೆ ತೆಳು ಪಾಲಿಥೀನ್ ಹಾಳೆ ಹೊದಿಸಿ ತೇವ ಉಳಿಸಬೇಕು. ಪಾಳಿ ಬದಲಾದರೂ ಇದು ತಪ್ಪುವಂತಿಲ್ಲ. ಬ್ರಿಟನ್ನಿನ ನೇತ್ರತಜ್ಞರೂ ತೀವ್ರ ನಿಗಾ ತಜ್ಞರೂ ಕೂಡಿ ಇದಕ್ಕೊಂದು ಮಾರ್ಗಸೂಚಿ ಹೊರಡಿಸಿದ್ದು 2017ರಲ್ಲಿ. ಇಷ್ಟು ತಡವೇಕೆ? ರೋಗಿ ಬದುಕಿ ಕಣ್ಣು ಬಿಟ್ಟ ಮೇಲಷ್ಟೇ ಗೊತ್ತಾಗುವ ನಷ್ಟವಿದು, ಅದಕ್ಕೇ ಇರಬೇಕು ಅನಿಸುತ್ತದೆ ನಮಗೆ. ಕೋವಿಡ್ ಕಾಲದಲ್ಲಿ ರೋಗಿಗಳನ್ನು ಗಂಟೆಗಟ್ಟಲೆ ಬೋರಲು ಮಲಗಿಸಿದಾಗ, ದಿಂಬಿಗೆ ಒತ್ತುವ ಕಣ್ಣುಗಳನ್ನು ಕಾಯುವ ಕೆಲಸವೂ ಅವರ ಪಾಲಿಗೇ ಬಂತು.